ಹಳ್ಳಿಕಾರ್ ರಾಸುಗಳು: ಜಾತ್ರೆಯ ಬಹುಮಾನವಿದೆ, ವಂಶಾವಳಿ ಎಲ್ಲಿದೆ?

ಚಿಕ್ಕಬಳ್ಳಾಪುರ: ಹಳೆಯ ಮೈಸೂರು ಸೀಮೆಯ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿ ಎತ್ತುಗಳಿಗೆ ಇರುವ ಗೌರವ ಬೇರೆ ಯಾವ ರಾಸಿಗೂ ಇಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿರುವ ನಂದಿ ಗ್ರಾಮದ ಭೋಗನಂದೀಶ್ವರ ಸನ್ನಿಧಿಯಲ್ಲಿ ಮಹಾಶಿವರಾತ್ರಿಯ ವೇಳೆಗೆ ನೆರೆಯುವ ಜಾತ್ರೆಯಾಗಲಿ, ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಮಾಸದ ರಥೋತ್ಸವಕ್ಕೆ ಮುನ್ನ ಸೇರುವ ಜಾತ್ರೆಯಾಗಲಿ, ಜನ ಮುಗಿಬಿದ್ದು ನೋಡುವುದು ಈ ಬೂದುಬಣ್ಣದ, ನೀಳ ಕೊಂಬಿನ ರಾಸುಗಳನ್ನೇ.

ಕಳವಾರ ದುರ್ಗವೆಂದೂ ಕರೆಯಲಾಗುವ ಸ್ಕಂದಗಿರಿಯ ಸುತ್ತಲಿನ ಹಳ್ಳಿಗಳಿಂದ ಹಿಡಿದು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರೆಗೆ ಇಂದು ಕೊಟ್ಟಿಗೆಗಳನ್ನು ತುಂಬಿರುವುದು ಬಹುಮಟ್ಟಿಗೆ ಹಾಲಿನ ಮಿಶ್ರತಳಿ ಹಸುಗಳು. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಇಂಥ ಸ್ಥಿತಿಯಲ್ಲೂ ಹಳ್ಳಿಕಾರ್ ಸಾಕುವ ಹವ್ಯಾಸ ಮತ್ತೆ ಚಿಗುರಿದೆ. ನಗರದಲ್ಲಿ ಉದ್ಯೋಗ ಮಾಡುತ್ತ ಊರಿನಲ್ಲಿ ಜಮೀನು ಇಟ್ಟುಕೊಂಡವರೂ ಜೋಡಿ ಕಟ್ಟಲು ಮುಂದಾಗಿದ್ದಾರೆ.

ಆದರೆ ಲಕ್ಷಾಂತರ ರೂಪಾಯಿ ಎಣಿಸಿ ಹೋರಿಯನ್ನು ಕೊಳ್ಳುವವರ ಕೈಗೆ ಸಾಮಾನ್ಯವಾಗಿ ಬರುವುದು ಒಂದು ಹಗ್ಗ, ಹೆಚ್ಚೆಂದರೆ ಜಾತ್ರೆಯ ರಶೀದಿ. ಹೋರಿಯ ತಂದೆ ಯಾವುದು, ತಾಯಿ ಯಾವುದು, ಅಜ್ಜ-ಅಜ್ಜಿಯರು ಯಾರ ಕೊಟ್ಟಿಗೆಯವು ಎಂಬುದಕ್ಕೆ ಬರಹದ ಆಧಾರ ಇರುವುದು ಅಪರೂಪ. ಮುಧೋಳ ನಾಯಿಯ ಮರಿ ಕೊಳ್ಳುವ ನಗರವಾಸಿಯೂ ಇಂದು ತಂದೆ-ತಾಯಿಯ ಕಾಗದ ಕೇಳುತ್ತಾನೆ. ಹಳ್ಳಿಕಾರ್ ಕೊಳ್ಳುವಾಗ ಆ ಪ್ರಶ್ನೆ ಏಳುವುದೇ ಇಲ್ಲ. ತಳಿಯ ಭವಿಷ್ಯದ ದೃಷ್ಟಿಯಿಂದ ಇದು ಸಣ್ಣ ಕೊರತೆಯಲ್ಲ.

ತಳಿಯ ಲಕ್ಷಣಗಳು

ಕರ್ನಾಟಕಕ್ಕೆ ಸೇರಿದ ಮಾನ್ಯತೆ ಪಡೆದ ಗೋತಳಿಗಳಲ್ಲಿ ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ಕಣಿವೆ, ದೇವಣಿ ಮತ್ತು ಮಲೆನಾಡು ಗಿಡ್ಡ ಪ್ರಮುಖವಾದವು. ಹಳ್ಳಿಕಾರ್ ತಳಿಗೆ ಆ ಹೆಸರು ಬಂದಿರುವುದು ದನಗಾಹಿ ವೃತ್ತಿಯ ಹಳ್ಳಿಕಾರ ಸಮುದಾಯದಿಂದ. ತುಮಕೂರು, ಮಂಡ್ಯ, ಹಾಸನ, ಮೈಸೂರು, ಬೆಂಗಳೂರು ಹಾಗೂ ಹಳೆಯ ಕೋಲಾರ ಸೀಮೆ ಇದರ ನೆಲೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯೂ ಇದರಲ್ಲಿ ಸೇರುತ್ತದೆ. ಭಾರತೀಯ ಅಂಚೆ ಇಲಾಖೆಯು 2000ದಲ್ಲಿ ದೇಶಿ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಗಿರ್, ಕಾಂಗೇಯಂ, ಕಾಂಕ್ರೇಜ್ ತಳಿಗಳ ಜತೆಗೆ ಹಳ್ಳಿಕಾರ್‌ಗೂ ಸ್ಥಾನ ದೊರೆಯಿತು.

ಮಧ್ಯಮ ಗಾತ್ರದ ಬಿಗಿಯಾದ ಮೈಕಟ್ಟು, ಬೂದು ಅಥವಾ ಕಡುಬೂದು ಬಣ್ಣ, ನೀಳವಾದ ಕಿರಿದು ಮುಖ, ಉಬ್ಬಿದ ಹಣೆ ಮತ್ತು ಅದರ ನಡುವೆ ಇಳಿಯುವ ಸಣ್ಣ ಗೆರೆಯಂಥ ತಗ್ಗು ಈ ತಳಿಯ ಗುರುತುಗಳು. ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲೇ ಹುಟ್ಟಿ, ಹಿಂದಕ್ಕೂ ಮೇಲಕ್ಕೂ ನೇರವಾಗಿ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತವೆ. ಗಂಗೆದೊಗಲು ತೆಳು. ಕಾಲುಗಳು ಸಪೂರ, ಗೊರಸು ಚಿಕ್ಕದು ಮತ್ತು ಗಟ್ಟಿ. ಬಾಲ ಸಣ್ಣಗಿದ್ದು ಕುಚ್ಚು ಕಪ್ಪಾಗಿರುತ್ತದೆ.

ಇದು ದುಡಿಮೆಯ ತಳಿ. ಹಸುಗಳು ಕೊಡುವ ಹಾಲು ಕರುವಿಗೂ ಮನೆಗೂ ಸಾಲುವಷ್ಟು ಮಾತ್ರ. ಒಂದು ಸೂಲಿಗೆ ಸರಾಸರಿ 540 ಕೆ.ಜಿ. ಆಸುಪಾಸು ಎಂಬುದು ತಳಿಯ ದಾಖಲೆಗಳಲ್ಲಿರುವ ಲೆಕ್ಕ. ಹಾಲಿನ ಹಣವನ್ನೇ ನೆಚ್ಚಿದ ಕುಟುಂಬ ಮಿಶ್ರತಳಿಯತ್ತ ವಾಲಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೀಗಾಗಿ ಹಳ್ಳಿಕಾರ್ ಇಂದು ಉಳಿದಿರುವುದು ಮುಖ್ಯವಾಗಿ ಎತ್ತಿನ ಮೇಲಿನ ಅಭಿಮಾನದಿಂದ, ಜಾತ್ರೆಯ ಮೆರವಣಿಗೆಯಿಂದ ಮತ್ತು ಗಾಡಿ ಓಟದಿಂದ. ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಅವಕಾಶ ಕಲ್ಪಿಸಿದ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ನಂತರ ಓಟದ ಜೋಡಿಗಳ ಆಕರ್ಷಣೆಗೆ ಕಾನೂನಿನ ಬೆಂಬಲವೂ ದೊರೆತಿದೆ.

ಇತಿಹಾಸ ಹೇಳುವ ಪಾಠ

ತಳಿಯನ್ನು ಕಟ್ಟುವುದು ಎಷ್ಟು ಕಷ್ಟ, ಕೆಡಿಸುವುದು ಎಷ್ಟು ಸುಲಭ ಎಂಬುದಕ್ಕೆ ಹಳ್ಳಿಕಾರ್‌ನ ಸಮೀಪ ಬಂಧುವಾದ ಅಮೃತಮಹಲ್‌ನ ಚರಿತ್ರೆಯೇ ಸಾಕ್ಷಿ. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳಿಂದ ರೂಪುಗೊಂಡ ಈ ಹಿಂಡು ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಡಿ ಇತ್ತು. ಹೈದರಾಲಿಯ ಕಾಲದಲ್ಲಿ ಅದು ಸೇನೆಯ ಸಾಗಣೆಗೆ ಬಲ ನೀಡಿತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಹಿಂಡು ಬ್ರಿಟಿಷರ ಕೈ ಸೇರಿತು.

1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಈ ಹಿಂಡನ್ನು ಮುರಿದು ಮಾರಲಾಯಿತು. ಒಳ್ಳೆಯ ಸಾಗಣೆ ಎತ್ತುಗಳು ಸಿಗದೆ ಪರದಾಡಿದ ಸರ್ಕಾರ ಕೆಲವೇ ವರ್ಷಗಳಲ್ಲಿ ತಪ್ಪನ್ನು ಅರಿತು, 1866ರಲ್ಲಿ ಮತ್ತೆ ಹಿಂಡು ಕೂಡಿಸಲು ಹೊರಟಿತು. ಚದುರಿಹೋದ ಒಳ್ಳೆಯ ಹಸು-ಹೋರಿಗಳನ್ನು ಹುಡುಕಿ ತರುವುದು ಸುಲಭವಾಗಿರಲಿಲ್ಲ. ಹಿಂಡು ಕರಗಲು ಒಂದು ಆದೇಶ ಸಾಕಾಯಿತು, ಮರಳಿ ಕಟ್ಟಲು ವರ್ಷಗಳೇ ಹಿಡಿದವು.

ಅಮೃತಮಹಲ್‌ಗೆ ಅರಮನೆ ಇತ್ತು, ನಂತರ ಸರ್ಕಾರ ಇತ್ತು. ಅಜ್ಜಂಪುರದಲ್ಲಿ ಇಂದಿಗೂ ಅದರ ಸಂವರ್ಧನಾ ಕೇಂದ್ರವಿದೆ. ಹಳ್ಳಿಕಾರ್‌ಗೂ ತುಮಕೂರು ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಸರ್ಕಾರಿ ಸಂವರ್ಧನಾ ಕೇಂದ್ರವುಂಟು. ಆದರೆ ತಳಿಯ ಬಹುಭಾಗ ಇರುವುದು ಸಾವಿರಾರು ರೈತರ ಕೊಟ್ಟಿಗೆಗಳಲ್ಲಿ, ಒಬ್ಬೊಬ್ಬರ ಬಳಿ ಒಂದೆರಡು ರಾಸುಗಳಂತೆ. ಅದನ್ನು ಉಳಿಸುವ ಅಥವಾ ಕಳೆಯುವ ತೀರ್ಮಾನ ದಿನನಿತ್ಯ ಅಲ್ಲಿಯೇ ಆಗುತ್ತದೆ.

ಜಾತ್ರೆಯಲ್ಲಿ ಆಯ್ಕೆ ಹೇಗೆ?

ಜಾತ್ರೆಗಳಲ್ಲಿ ರಾಸುಗಳನ್ನು ಹಲ್ಲಿನ ಲೆಕ್ಕದಲ್ಲಿ ವಿಭಾಗಿಸುವುದು ವಾಡಿಕೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಮತ್ತು ಬಾಯಿಗೂಡಿದ ರಾಸುಗಳು ಎಂಬುದು ಈ ವಿಭಾಗಗಳ ಕ್ರಮ. ನಮ್ಮ ದೇಶಿ ರಾಸುಗಳಲ್ಲಿ ಸುಮಾರು ಎರಡು-ಎರಡೂವರೆ ವರ್ಷಕ್ಕೆ ಮೊದಲ ಜೋಡಿ ಶಾಶ್ವತ ಹಲ್ಲು ಬರುತ್ತದೆ. ನಾಲ್ಕೂವರೆಯಿಂದ ಐದು ವರ್ಷದ ಹೊತ್ತಿಗೆ ಎಂಟು ಹಲ್ಲು ತುಂಬಿ ಬಾಯಿ ಕೂಡುತ್ತದೆ. ಹುಟ್ಟಿದ ದಿನಾಂಕ ಬರೆದಿಡದ ಸಮಾಜಕ್ಕೆ ಹಲ್ಲೇ ಪಂಚಾಂಗ.

ತೀರ್ಪುಗಾರರು ನೋಡುವುದು ಮೈಕಟ್ಟು, ಕೊಂಬಿನ ಹೊಂದಿಕೆ, ಬಣ್ಣ, ಬೆನ್ನಿನ ನೇರ, ಕಾಲಿನ ನಿಲುವು ಮತ್ತು ನಡಿಗೆಯನ್ನು. ಜೋಡಿಯಾಗಿದ್ದರೆ ಎರಡೂ ಎತ್ತುಗಳ ಎತ್ತರ, ಬಣ್ಣ, ಕೊಂಬು ಎಷ್ಟರಮಟ್ಟಿಗೆ ಸರಿಸಮ ಎಂಬುದೂ ಮುಖ್ಯವಾಗುತ್ತದೆ. ಕೊಳ್ಳುವ ರೈತ ಇಷ್ಟಕ್ಕೇ ನಿಲ್ಲದೆ ಸುಳಿಗಳನ್ನೂ ನೋಡುತ್ತಾನೆ. ಸುಳಿಯ ಲೆಕ್ಕ ನಂಬಿಕೆಗೆ ಸೇರಿದ್ದು. ಅದು ತಳಿಯ ಪುರಾವೆಯಾಗಲಾರದು. ಬೆಲೆಯ ಮಾತು ದಲ್ಲಾಳಿಯ ಟವಲ್ಲಿನ ಮರೆಯಲ್ಲಿ, ಬೆರಳು ಹಿಡಿದು ನಡೆಯುತ್ತದೆ.

ಈ ಪದ್ಧತಿಗೆ ತನ್ನದೇ ಆದ ಸತ್ವವಿದೆ. ತಲೆತಲಾಂತರದಿಂದ ರಾಸು ನೋಡಿ ಪಳಗಿದ ಕಣ್ಣು ಕಾಲಿನ ಸಣ್ಣ ದೋಷವನ್ನೂ ದೂರದಿಂದಲೇ ಹಿಡಿಯಬಲ್ಲದು. ಆದರೆ ಆ ಕಣ್ಣು ನೋಡುವುದು ಎದುರಿಗೆ ನಿಂತ ರಾಸನ್ನು ಮಾತ್ರ. ಅದರ ಗುಣ ಮುಂದಿನ ಕರುವಿಗೆ ಇಳಿಯುವುದೇ ಎಂಬುದನ್ನು ಹೇಳಲು ಅದರ ಹಿಂದಿನವರನ್ನೂ ಮುಂದಿನವರನ್ನೂ ನೋಡಬೇಕು. ಚೆನ್ನಾಗಿ ತಿಂದು ಬೆಳೆದ ಹೋರಿಯ ಹೊಳಪು ಕರುವಿಗೆ ಬಾರದು. ರಕ್ತದಲ್ಲಿರುವ ಗುಣ ಮಾತ್ರ ಬರುತ್ತದೆ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದೇ ವಂಶಾವಳಿ.

ಏನಿದು ವಂಶಾವಳಿ?

ಒಂದು ರಾಸಿನ ಗುರುತು, ಹುಟ್ಟಿದ ದಿನ, ತಂದೆ-ತಾಯಿ, ಅವುಗಳ ತಂದೆ-ತಾಯಿ - ಹೀಗೆ ಕನಿಷ್ಠ ಮೂರು ತಲೆಮಾರಿನ ಬರಹದ ಲೆಕ್ಕವೇ ವಂಶಾವಳಿ. ಇಂಗ್ಲೆಂಡಿನಲ್ಲಿ ಪಂದ್ಯದ ಕುದುರೆಗಳಿಗಾಗಿ 1791ರಲ್ಲೇ ಇಂಥ ಪುಸ್ತಕ ಆರಂಭವಾಯಿತು. ಜಾರ್ಜ್ ಕೋಟ್ಸ್ ಎಂಬಾತ 1822ರಲ್ಲಿ ಶಾರ್ಟ್‌ಹಾರ್ನ್ ದನಗಳ ವಂಶಾವಳಿ ಪುಸ್ತಕ ಪ್ರಕಟಿಸಿದ. ನಮ್ಮ ದೇಶದ ಓಂಗೋಲ್ ರಾಸುಗಳು ಬ್ರೆಜಿಲ್‌ಗೆ ಹೋಗಿ ನೆಲೋರ್ ಎಂಬ ಹೆಸರಿನಲ್ಲಿ ಬೆಳೆದವು. ಆ ದೇಶದಲ್ಲಿ ಭಾರತೀಯ ಮೂಲದ ಗೂಳಿ ತಳಿಗಳ ವಂಶಾವಳಿ ನೋಂದಣಿ 1938ರಲ್ಲಿ ಆರಂಭವಾಯಿತು. ನೆಲೋರ್ ಇಂದು ಅಲ್ಲಿನ ಮಾಂಸದ ಉದ್ಯಮದ ಆಧಾರ. ಹಡಗಿನಲ್ಲಿ ಹೋದ ರಾಸುಗಳಿಗೆ ಅಲ್ಲಿ ಬರಹದ ಲೆಕ್ಕವೂ ಜತೆಯಾಯಿತು.

ಭಾರತದಲ್ಲಿಯೂ ಕೇಂದ್ರ ಸರ್ಕಾರ ರಾಸುಗಳ ವಂಶ ನೋಂದಣಿ ಯೋಜನೆಯೊಂದನ್ನು ರೂಪಿಸಿತು. ಅದರಲ್ಲಿ ಸೇರಿದ ಗೋತಳಿಗಳು ಗಿರ್, ಕಾಂಕ್ರೇಜ್, ಹರಿಯಾಣ ಮತ್ತು ಓಂಗೋಲ್. ಎಮ್ಮೆಗಳಲ್ಲಿ ಮುರ್ರಾ, ಜಾಫರಾಬಾದಿ, ಸೂರ್ತಿ, ಮೆಹಸಾಣಿ. ಹಾಲಿನ ಇಳುವರಿಯನ್ನು ಅಳೆದು ನೋಂದಾಯಿಸುವುದು ಅದರ ಕ್ರಮ. ದುಡಿಮೆಯನ್ನೇ ಮುಖ್ಯವಾಗಿ ನಂಬಿದ ಹಳ್ಳಿಕಾರ್ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಲನ್ನು ತೂಗಬಹುದು, ನೇಗಿಲು ಎಳೆಯುವ ಛಲವನ್ನು ತೂಗುವ ತಕ್ಕಡಿ ಯಾವ ಹಳ್ಳಿಯಲ್ಲೂ ಇಲ್ಲ.

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ನೋಂದಾಯಿಸುವುದು ತಳಿಯನ್ನು. ‘ಹಳ್ಳಿಕಾರ್ ನೋಂದಾಯಿತ ತಳಿ’ ಎಂದರೆ ಮಾರಾಟಕ್ಕೆ ನಿಂತಿರುವ ಹೋರಿ ಶುದ್ಧ ಹಳ್ಳಿಕಾರ್ ಎಂದು ಯಾರೋ ದೃಢೀಕರಿಸಿದ್ದಾರೆ ಎಂಬ ಅರ್ಥವಲ್ಲ.

ತಂದೆ-ತಾಯಿಯ ಲೆಕ್ಕವಿಡುವುದು ಈ ಸೀಮೆಗೆ ಹೊಸ ವಿದ್ಯೆಯೇನೂ ಅಲ್ಲ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು ಮೊಟ್ಟೆ ತರುವಾಗ ಅದು ಯಾವ ತಳಿಯ ಹೆಣ್ಣು ಪತಂಗ, ಯಾವ ತಳಿಯ ಗಂಡು ಪತಂಗದ್ದು ಎಂದು ಕೇಳಿಯೇ ತರುತ್ತಾರೆ. ಮೊಟ್ಟೆ ಇಟ್ಟ ತಾಯಿ ಪತಂಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳುವ ಪದ್ಧತಿ ಬಿತ್ತನೆ ಕೋಠಿಗಳಲ್ಲಿ ರೂಢಿಯಲ್ಲಿದೆ. ಹುಳುವಿಗೆ ತೋರುವ ಈ ಎಚ್ಚರವನ್ನು ಹೋರಿಗೂ ತೋರಿದರೆ ಸಾಕು.

ಒಂದೇ ಹೋರಿ, ನೂರು ಹಸು

2021ರ ನವೆಂಬರ್‌ನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಬಂದ ‘ಕೃಷ್ಣ’ ಎಂಬ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ರೂಪಾಯಿ ಬೆಲೆ ಎಂಬ ಸುದ್ದಿ ದೇಶದಾದ್ಯಂತ ಹರಡಿತು. ನಾಡತಳಿಯೊಂದಕ್ಕೆ ಇಷ್ಟು ಗಮನ ಸಿಕ್ಕಿದ್ದು ಸಂತಸದ ಸಂಗತಿಯೇ. ಆದರೆ ಹೋರಿಯೊಂದು ಹೆಸರಾದ ಕೂಡಲೇ ಸುತ್ತಲಿನವರೆಲ್ಲ ಅದೇ ಹೋರಿಯನ್ನು ಕೊಡಿಸಲು, ಅದರ ವೀರ್ಯವನ್ನೇ ಬಳಸಲು ಮುಗಿಬೀಳುವುದು ಸಹಜ. ಯಾವುದೇ ತಳಿಯಲ್ಲಿ ಅಪಾಯ ಆರಂಭವಾಗುವುದು ಇಲ್ಲಿಂದ.

ತಂದೆ-ಮಗಳ ಕೂಡಿಕೆಯಿಂದ ಹುಟ್ಟುವ ಕರುವಿನಲ್ಲಿ ಒಳಸಂಬಂಧದ ಪ್ರಮಾಣ ಶೇ 25. ಒಡಹುಟ್ಟಿದವುಗಳ ಕೂಡಿಕೆಯಲ್ಲೂ ಅಷ್ಟೇ. ಒಂದೇ ಹೋರಿಗೆ ಬೇರೆ ಬೇರೆ ಹಸುಗಳಲ್ಲಿ ಹುಟ್ಟಿದವುಗಳನ್ನು ಕೂಡಿಸಿದರೆ ಶೇ 12.5. ಈ ಪ್ರಮಾಣ ಏರಿದಂತೆ ಗಬ್ಬ ನಿಲ್ಲದಿರುವುದು, ಕರು ಸಣಕಲಾಗುವುದು, ರೋಗಕ್ಕೆ ಬೇಗ ತುತ್ತಾಗುವುದು, ಅಡಗಿದ್ದ ಹುಟ್ಟು ದೋಷಗಳು ಹೊರಬೀಳುವುದು ಹೆಚ್ಚುತ್ತವೆ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಒಂದು ಪ್ರದೇಶದಲ್ಲಿ 100 ಹಸುಗಳಿದ್ದು ಎಲ್ಲಕ್ಕೂ ಒಂದೇ ಹೋರಿ ಎಂದುಕೊಳ್ಳೋಣ. ತಲೆ ಎಣಿಸಿದರೆ 101 ರಾಸುಗಳು. ಆದರೆ ತಳಿವಿಜ್ಞಾನದ ಸೂತ್ರದ ಪ್ರಕಾರ ಆ ಹಿಂಡಿನ ಪರಿಣಾಮಕಾರಿ ಸಂಖ್ಯೆ ಕೇವಲ 4. ಪ್ರತಿ ತಲೆಮಾರಿಗೆ ಒಳಸಂಬಂಧ ಶೇ 12ಕ್ಕೂ ಹೆಚ್ಚು ಏರುತ್ತದೆ. ಅದೇ 100 ಹಸುಗಳಿಗೆ 5 ಹೋರಿಗಳಿದ್ದರೆ ಪರಿಣಾಮಕಾರಿ ಸಂಖ್ಯೆ 19, ಹತ್ತಿದ್ದರೆ 36, ಇಪ್ಪತ್ತೈದಿದ್ದರೆ 80. ತಳಿಯೊಂದು ಸುರಕ್ಷಿತವಾಗಿರಲು ಈ ಸಂಖ್ಯೆ ಕನಿಷ್ಠ 50 ಇರಬೇಕು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅನುಸರಿಸುವ ಅಳತೆ. ಹೋರಿಗಳ ಸಂಖ್ಯೆ ಕುಗ್ಗಿದರೆ ಹಸುಗಳು ಎಷ್ಟಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ.

ಹೋರಿಯನ್ನು ನೇರವಾಗಿ ಕೊಡಿಸುವಾಗ ಅದರ ಪ್ರಭಾವ ಹತ್ತಾರು ಊರುಗಳಿಗೆ ಸೀಮಿತ. ಘನೀಕರಿಸಿದ ವೀರ್ಯದ ಮೂಲಕವಾದರೆ ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ಡೋಸ್ ತಯಾರಿಸಬಹುದು. ಕೃತಕ ಗರ್ಭಧಾರಣೆ ವರವಾಗಬೇಕಾದರೆ ಯಾವ ಹೋರಿಯ ವೀರ್ಯ ಯಾವ ಹಸುವಿಗೆ ಹೋಯಿತು ಎಂಬ ಲೆಕ್ಕ ಇರಲೇಬೇಕು. ಲೆಕ್ಕವಿಲ್ಲದಿದ್ದರೆ ನಾಲ್ಕು ವರ್ಷದ ಬಳಿಕ ಅದೇ ಹೋರಿಯ ಮಗಳಿಗೆ ಅದೇ ಹೋರಿಯ ಕಡ್ಡಿ ಬಿದ್ದರೂ ತಿಳಿಯುವುದಿಲ್ಲ.

ಬಹುಮಾನವಿಲ್ಲದ ತಾಯಿ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಆದರೆ ಜಾತ್ರೆಯ ಮೆರವಣಿಗೆ, ಹಾರ, ಬ್ಯಾಂಡು ಎಲ್ಲವೂ ಹೋರಿಗೆ ಮತ್ತು ಎತ್ತಿಗೆ. ಕರುವಿನ ಗುಣದಲ್ಲಿ ಅರ್ಧಪಾಲು ತಾಯಿಯದು. ಬಹುಮಾನ ಪಡೆದ ಹೋರಿಯನ್ನು ಹೆತ್ತ ಹಸು ಯಾವ ಕೊಟ್ಟಿಗೆಯಲ್ಲಿದೆ ಎಂದು ಕೇಳುವವರು ವಿರಳ. ಇನ್ನು ಎತ್ತಿನ ಮಾತು ಬೇರೆ. ಬೀಜ ಒಡೆಸಿದ ಎತ್ತು ಎಷ್ಟೇ ಸುಂದರವಾಗಿದ್ದರೂ ಅದರಿಂದ ವಂಶ ಬೆಳೆಯದು. ಜಾತ್ರೆಯ ಅತ್ಯುತ್ತಮ ಜೋಡಿಯ ಗುಣ ಉಳಿಯಬೇಕಾದರೆ ಅವುಗಳ ತಂದೆಯನ್ನೂ ತಾಯಿಯನ್ನೂ ಹುಡುಕಿಕೊಂಡು ಹೋಗುವುದೊಂದೇ ದಾರಿ.

ಹಾಲು ಕಡಿಮೆ ಎಂಬ ಕಾರಣಕ್ಕೆ ಹಳ್ಳಿಕಾರ್ ಹಸುವನ್ನೇ ಮಾರುವುದು, ಇಲ್ಲವೇ ಅದಕ್ಕೆ ಎಚ್‌ಎಫ್ ಅಥವಾ ಜರ್ಸಿ ವೀರ್ಯ ಕೊಡಿಸುವುದು ರೈತನ ಬದುಕಿನ ಅನಿವಾರ್ಯವಾಗಿರಬಹುದು. ಅದನ್ನು ದೂಷಿಸುವಂತಿಲ್ಲ. ಆದರೆ ಒಮ್ಮೆ ಮಿಶ್ರವಾದ ಸಂತತಿಯನ್ನು ಸತತವಾಗಿ ಹಳ್ಳಿಕಾರ್ ಹೋರಿಗೇ ಕೊಡಿಸುತ್ತ ಹೋದರೂ ಮೊದಲ ಮಿಶ್ರ ಕರುವಿನಿಂದ ನಾಲ್ಕು ತಲೆಮಾರು ಕಳೆದ ಮೇಲಷ್ಟೇ ಹಳ್ಳಿಕಾರ್ ಅಂಶ ಶೇ 97ರ ಸಮೀಪ ಬರುತ್ತದೆ. ಅದಕ್ಕೆ ಇಪ್ಪತ್ತು ವರ್ಷಗಳಾದರೂ ಬೇಕು. ಜಾತ್ರೆ ಸಮಿತಿಗಳು ತಾಯಿ ಹಸು ಮತ್ತು ಕಡಸುಗಳಿಗೂ ಪ್ರತ್ಯೇಕ ವಿಭಾಗ, ಪ್ರತ್ಯೇಕ ಬಹುಮಾನ ಇಟ್ಟರೆ ಹಸುವನ್ನು ಉಳಿಸಿಕೊಂಡವರಿಗೂ ಒಂದು ಕಾರಣ ಸಿಕ್ಕಂತಾಗುತ್ತದೆ.

ಸಂವರ್ಧನೆಯ ಜವಾಬ್ದಾರಿಗಳು

ಬಿತ್ತನೆ ಹೋರಿ ಇಟ್ಟುಕೊಳ್ಳುವವರು ಮತ್ತು ಹಸು ಸಾಕುವವರು ಗಮನಿಸಬೇಕಾದ ಅಂಶಗಳು ಇಂತಿವೆ.

ವಯಸ್ಸು: ಕಡಸು ಮೊದಲ ಸಲ ಬೆದೆಗೆ ಬಂದ ಕೂಡಲೇ ಹೋರಿ ಕೊಡಿಸುವುದು ಸರಿಯಲ್ಲ. ಮೈ ತುಂಬಿ, ಬೆಳವಣಿಗೆ ಬಹುಮಟ್ಟಿಗೆ ಮುಗಿದ ಮೇಲೆ ಕೊಡಿಸಬೇಕು. ಎಳೆಯ ಹೋರಿಯ ಮೇಲೂ ಭಾರ ಹಾಕಬಾರದು. ಬಲಿತ ಹೋರಿಯನ್ನು ಸಹ ವಾರಕ್ಕೆ ಮೂರು-ನಾಲ್ಕು ಸಲಕ್ಕಿಂತ ಹೆಚ್ಚು ಬಳಸುವುದು ಹಿತವಲ್ಲ. ಜಾತ್ರೆಯಲ್ಲಿ ಬಹುಮಾನ ಬಂದ ವಾರವೇ ಸಾಲುಸಾಲಾಗಿ ಹಸುಗಳನ್ನು ಕೊಡಿಸುವ ಆತುರದಿಂದ ಹೋರಿಯೂ ಬಳಲುತ್ತದೆ, ಗಬ್ಬವೂ ನಿಲ್ಲುವುದಿಲ್ಲ.

ಆರೋಗ್ಯ: ನೇರ ಕೂಡಿಕೆಯಿಂದ ಹಸುವಿನಿಂದ ಹೋರಿಗೆ, ಹೋರಿಯಿಂದ ಮತ್ತೊಂದು ಹಸುವಿಗೆ ರೋಗ ಹರಡುತ್ತದೆ. ಅವುಗಳಲ್ಲಿ ಕಂದು ಹಾಕಿಸುವ ಬ್ರೂಸೆಲ್ಲೋಸಿಸ್ ಮುಖ್ಯವಾದುದು. ಇದು ಮನುಷ್ಯರಿಗೂ ತಗಲುತ್ತದೆ. ಬಿತ್ತನೆ ಹೋರಿಯ ರಕ್ತವನ್ನು ಪಶುವೈದ್ಯರಿಂದ ಕಾಲಕಾಲಕ್ಕೆ ಪರೀಕ್ಷಿಸಬೇಕು. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಈ ರೋಗದ ಲಸಿಕೆ ಹಾಕಿಸಬೇಕು. ಕಾಲುಬಾಯಿ ಜ್ವರದ ಲಸಿಕೆಯನ್ನು ವರ್ಷಕ್ಕೆ ಎರಡು ಬಾರಿ ತಪ್ಪಿಸಬಾರದು.

ಹೋರಿ ಬದಲಾವಣೆ: ಹೋರಿ ಊರಿಗೆ ಬಂದ ವರ್ಷ ಗಬ್ಬವಾದ ಹಸುವಿನ ಹೆಣ್ಣುಗರು ಮೂರೂವರೆ-ನಾಲ್ಕು ವರ್ಷದಲ್ಲಿ ತಾನೇ ಬೆದೆಗೆ ಬಂದು ನಿಲ್ಲುತ್ತದೆ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ದೂರದ ಊರಿನ ಬೇರೆ ವಂಶದ ಹೋರಿಯೊಂದಿಗೆ ಅದಲುಬದಲು ಮಾಡಿಕೊಳ್ಳುವುದು ಅತ್ಯಂತ ಸರಳವಾದ, ಹಣ ಖರ್ಚಿಲ್ಲದ ಉಪಾಯ. ನಂದಿ ಕಡೆಯ ಹೋರಿ ಚಿಂತಾಮಣಿಗೆ, ಅಲ್ಲಿಯದು ಗೌರಿಬಿದನೂರಿಗೆ ಹೋದರೆ ಎರಡೂ ಕಡೆಗೆ ಲಾಭ.

ವೀರ್ಯದ ಮೂಲ: ಮಾನ್ಯತೆ ಪಡೆದ ಕೇಂದ್ರಗಳ ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಗುರುತು ಮತ್ತು ದಿನಾಂಕ ಮುದ್ರಿತವಾಗಿರುತ್ತವೆ. ಅಲ್ಲಿನ ಹೋರಿಗಳಿಗೆ ಕ್ಷಯ, ಬ್ರೂಸೆಲ್ಲೋಸಿಸ್ ಮೊದಲಾದ ರೋಗಗಳ ಪರೀಕ್ಷೆ ಕಡ್ಡಾಯ. ಗುರುತಿಲ್ಲದ ಕಡ್ಡಿಯನ್ನು ಒಪ್ಪಬಾರದು. ಕೃತಕ ಗರ್ಭಧಾರಣೆ ಮಾಡಿಸಿದ ದಿನ ಕಡ್ಡಿಯ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಕರುವಿನ ತಂದೆಯ ಹೆಸರು ಅಂದೇ ದಾಖಲಾದಂತೆ.

ದೋಷವಿದ್ದರೆ ತಡೆ: ಕಾಲು ಸೊಟ್ಟಗಿರುವ, ವೃಷಣ ದೋಷವಿರುವ, ಅತಿಯಾಗಿ ಹಾಯುವ ಸ್ವಭಾವದ ಹೋರಿಯನ್ನು ಬಣ್ಣ-ಕೊಂಬು ಚೆನ್ನಾಗಿದೆ ಎಂಬ ಕಾರಣಕ್ಕೆ ಬಿತ್ತನೆಗೆ ಬಿಡಬಾರದು. ಪಶುವೈದ್ಯರಿಂದ ಬೀಜ ಒಡೆಸಿ ದುಡಿಮೆಗೆ ಹೂಡುವುದೇ ಲೇಸು.

ಪ್ರದರ್ಶನಕ್ಕೆ ಒಯ್ಯುವಾಗ

ಪ್ರದರ್ಶನದ ರಾಸಿಗೆ ಬೆಣ್ಣೆ, ಮೊಟ್ಟೆ, ಬೇಯಿಸಿದ ಹುರುಳಿ ತಿನ್ನಿಸಿ ಮೈ ಬರಿಸುವುದು ರೂಢಿಯಲ್ಲಿದೆ. ಒಣಹುಲ್ಲು-ಹಸಿಮೇವು ಕಡಿಮೆ ಮಾಡಿ ಹಿಂಡಿ, ಕಾಳು ಏಕಾಏಕಿ ಏರಿಸಿದರೆ ಹೊಟ್ಟೆ ಕೆಡುತ್ತದೆ. ಅತಿ ಕೊಬ್ಬಿದ ಹೋರಿ ಬಿತ್ತನೆಗೂ ದುಡಿಮೆಗೂ ಒದಗದು. ಹಳ್ಳಿಕಾರ್‌ನ ಸೊಬಗು ಬಿಗಿಯಾದ ಮೈಯಲ್ಲಿದೆ. ಕೊಬ್ಬಿಗೆ ಅಂಕ ಕೊಡದಿರುವುದು ತೀರ್ಪುಗಾರರ ಹೊಣೆ.

ಸಾಗಣೆಗೆ ನಿಯಮಗಳಿವೆ. 1978ರ ಪ್ರಾಣಿಗಳ ಸಾಗಣೆ ನಿಯಮಗಳ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಒಯ್ಯುವಂತಿಲ್ಲ. ರಾಸು ಪ್ರಯಾಣಕ್ಕೆ ಯೋಗ್ಯವಾಗಿದೆ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಜತೆಯಲ್ಲಿರಬೇಕು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಸಂತೆ-ಜಾತ್ರೆಗಳಿಗೆ ನಿರ್ಬಂಧ ವಿಧಿಸಬೇಕಾಯಿತು. ಸಾವಿರಾರು ರಾಸುಗಳು ಒಂದೆಡೆ ಸೇರುವ ಬಯಲು ರೋಗಕ್ಕೂ ಜಾತ್ರೆಯೇ. ಜಾತ್ರೆಯಿಂದ ಮರಳಿದ ಅಥವಾ ಹೊಸದಾಗಿ ಕೊಂಡು ತಂದ ರಾಸನ್ನು ಎರಡು-ಮೂರು ವಾರ ಬೇರೆಯೇ ಕಟ್ಟಿ ನೋಡಿಕೊಂಡು, ಆಮೇಲೆ ಉಳಿದವುಗಳ ಜತೆ ಬಿಡುವುದು ಕ್ಷೇಮ.

ನೂರು ಪುಟದ ಒಂದು ಪುಸ್ತಕ

ವಂಶಾವಳಿ ಆರಂಭಿಸಲು ಸರ್ಕಾರದ ದೊಡ್ಡ ಯೋಜನೆಗಾಗಿ ಕಾಯಬೇಕಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ ಲಸಿಕೆಯ ಜತೆಗೆ ರಾಸುಗಳ ಕಿವಿಗೆ 12 ಅಂಕಿಗಳ ಹಳದಿ ಓಲೆ ಹಾಕಲಾಗುತ್ತಿದೆ. ಈ ಸಂಖ್ಯೆ ರಾಸಿನ ಜೀವಮಾನದ ಗುರುತು. ಪ್ರದರ್ಶನದ ಅಂದ ಕೆಡುತ್ತದೆಂದು ಓಲೆಯನ್ನು ತೆಗೆಸುವುದು ಗುರುತನ್ನೇ ಅಳಿಸಿದಂತೆ. ಆ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾಸಿಗೂ ಒಂದು ಪುಟ ಮೀಸಲಿಡಬಹುದು.

ಆ ಪುಟದಲ್ಲಿ ಇರಬೇಕಾದವು: ಓಲೆಯ ಸಂಖ್ಯೆ, ಹುಟ್ಟಿದ ದಿನಾಂಕ, ತಂದೆಯ ಸಂಖ್ಯೆ ಮತ್ತು ಊರು, ತಾಯಿಯ ಸಂಖ್ಯೆ ಮತ್ತು ಅದು ಎಷ್ಟನೆಯ ಸೂಲು ಎಂಬ ವಿವರ, ಎರಡೂ ಕಡೆಯ ಅಜ್ಜ-ಅಜ್ಜಿಯರು, ಎಡ-ಬಲ ಮತ್ತು ಮುಂಭಾಗದ ಛಾಯಾಚಿತ್ರ, ಹಾಕಿಸಿದ ಲಸಿಕೆಗಳು, ಹೋರಿ ಕೊಡಿಸಿದ ದಿನಗಳು, ಹುಟ್ಟಿದ ಕರುಗಳು, ಮಾರಿದ್ದರೆ ಯಾರಿಗೆ ಎಂಬುದು. ಸತ್ತ ಕರು, ಕಂದು ಹಾಕಿದ ಗಬ್ಬ, ಕಂಡುಬಂದ ದೋಷ - ಇವನ್ನೂ ಮುಚ್ಚಿಡದೆ ಬರೆಯಬೇಕು. ಒಳ್ಳೆಯದನ್ನಷ್ಟೇ ಬರೆದ ಪುಸ್ತಕ ಜಾಹೀರಾತಾಗುತ್ತದೆ. ಸಂಶಯ ಬಂದಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಂದೆ-ತಾಯಿಯನ್ನು ದೃಢಪಡಿಸಿಕೊಳ್ಳುವ ತಂತ್ರವೂ ಈಗ ಲಭ್ಯವಿದೆ.

ಕೊಳ್ಳುವವರ ಪಾತ್ರ ಇದಕ್ಕಿಂತ ಕಡಿಮೆಯದಲ್ಲ. ಹೋರಿಗೆ ಬೆಲೆ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಬೇಕು. ತಾಯಿಯನ್ನು ತೋರಿಸಬಲ್ಲಿರಾ? ತಂದೆ ಯಾವುದು, ಈಗ ಎಲ್ಲಿದೆ? ಇದೇ ಹೋರಿಯ ಕರುಗಳು ಯಾರ ಕೊಟ್ಟಿಗೆಯಲ್ಲಿವೆ? ರಕ್ತಪರೀಕ್ಷೆಯ ವರದಿ ಇದೆಯೇ? ಉತ್ತರ ಬರೆದುಕೊಡುವ ರೈತನಿಗೆ ಸಾವಿರ ರೂಪಾಯಿ ಹೆಚ್ಚು ಸಿಕ್ಕರೆ ಮುಂದಿನ ವರ್ಷ ಅವನ ನೆರೆಯವನೂ ಪುಸ್ತಕ ತೆರೆಯುತ್ತಾನೆ. ಜಾತ್ರೆ ಸಮಿತಿಗಳು ಬಹುಮಾನದ ಅರ್ಜಿಯಲ್ಲಿ ತಂದೆ-ತಾಯಿಯ ಸಂಖ್ಯೆಗೆ ಎರಡು ಸಾಲು ಜಾಗ ಬಿಟ್ಟರೂ ದೊಡ್ಡ ಆರಂಭವಾದೀತು. ಆ ಅರ್ಜಿಗಳನ್ನು ವರ್ಷವರ್ಷವೂ ಕೂಡಿಟ್ಟರೆ ಅದೇ ತಳಿಯ ಮೊದಲ ವಂಶಾವಳಿ ಗ್ರಂಥವಾಗುತ್ತದೆ.

ಹಳ್ಳಿಕಾರ್‌ನ ಒಂದು ತಲೆಮಾರು ಉರುಳಲು ಹೆಚ್ಚುಕಡಿಮೆ ಐದು ವರ್ಷ ಬೇಕು. ಇಂದು ಮೊದಲ ಪುಟ ಬರೆದರೆ ಮೂರು ತಲೆಮಾರಿನ ಪೂರ್ಣ ಲೆಕ್ಕ ಕೈಗೆ ಸಿಗುವುದು ಹದಿನೈದು ವರ್ಷದ ನಂತರ. ಹಿರಿಯ ರೈತರ ನೆನಪಿನಲ್ಲಿ ಮಾತ್ರ ಉಳಿದಿರುವ ತಂದೆ-ತಾಯಿಯ ಹೆಸರುಗಳನ್ನು ಬರೆದುಕೊಳ್ಳಲು ಅಷ್ಟು ಕಾಲವೂ ಇಲ್ಲ.